ಹೊಲದ ಭಯ, ಮನೆಯ ಕರಾರು

ಬೆಂಗಳೂರನ್ನು ಬಿಟ್ಟು ಹಾಸನದ ದಿಕ್ಕಿಗೆ ಸಾಗುವ 75ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೀಸಾವೆ ಇದೆ. ತೆಂಗು, ರಾಗಿಗಳನ್ನು ನೆಚ್ಚಿದ ಈ ಸೀಮೆಯಲ್ಲಿ ಮನೆಯೆಂಬುದು ಬಹುಕಾಲ ಕುಟುಂಬದ ವಾಸಕ್ಕೆಂದು ಕಟ್ಟಿದ ವಸ್ತುವಾಗಿತ್ತೇ ಹೊರತು ವರಮಾನದ ಮೂಲವಾಗಿರಲಿಲ್ಲ. ವರ್ಗವಾಗಿ ಬಂದ ಶಾಲೆಯ ಮೇಷ್ಟರಿಗೋ ಕಂದಾಯ ಇಲಾಖೆಯ ನೌಕರನಿಗೋ ಮುಂಗೋಣೆಯೊಂದನ್ನು ಬಿಟ್ಟುಕೊಟ್ಟು, ತಿಂಗಳಿಗೊಮ್ಮೆ ಅವರು ಕೊಟ್ಟದ್ದನ್ನು ಈಸಿಕೊಂಡು ಸುಮ್ಮನಿರುವುದೇ ವಾಡಿಕೆಯಾಗಿತ್ತು. ಇಂದು ಹೆದ್ದಾರಿಯ ಅಂಚಿನ ಊರುಗಳಲ್ಲೆಲ್ಲ ಮನೆಗಳ ಕೆಳ ಅಂತಸ್ತಿಗೆ ರೋಲಿಂಗ್ ಷಟರು ಬಂದಿದೆ. ಔಷಧದ ಅಂಗಡಿ, ಗೊಬ್ಬರದ ಅಂಗಡಿ, ಬೇಕರಿಗಳು ತಿಂಗಳ ಬಾಡಿಗೆಯ ಮೇಲೆ ನಡೆಯುತ್ತಿವೆ. ಹಾಸನದಲ್ಲಾದರೋ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕೊಠಡಿ ಕೊಟ್ಟು ಜೀವನ ಸಾಗಿಸುವ ಸಂಸಾರಗಳೇ ಉಂಟು. ವ್ಯವಹಾರ ಹೀಗೆ ಬೆಳೆದಿದ್ದರೂ ಅದನ್ನು ನಡೆಸುವ ಮನೋಧರ್ಮ ಮಾತ್ರ ಮುಂಗೋಣೆಯ ಕಾಲದ್ದಾಗಿಯೇ ಉಳಿದಿದೆ. “ನಮ್ಮ ನಮ್ಮೊಳಗೆ ಕಾಗದ ಪತ್ರ ಯಾಕಣ್ಣಾ?” ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಅದಕ್ಕೆ ತಲೆದೂಗುತ್ತಾರೆ, ಮೂರು ವರ್ಷದ ತರುವಾಯ ಅವರಿಬ್ಬರೂ ಚನ್ನರಾಯಪಟ್ಟಣದ ನ್ಯಾಯಾಲಯದ ಜಗಲಿಯಲ್ಲಿ ಮುಖ ತಿರುಗಿಸಿಕೊಂಡು ಕುಳಿತಿರುತ್ತಾರೆ.

ಈ ವೈಮನಸ್ಯದ ಬೇರನ್ನು ಹುಡುಕಿಕೊಂಡು ಹೋದರೆ ಅಲ್ಲಿ ದುರಾಶೆಗಿಂತ ಹೆಚ್ಚಾಗಿ ಭಯವೇ ಕಾಣಬರುತ್ತದೆ. ಕೊಟ್ಟ ಮನೆ ಕೈತಪ್ಪಿ ಹೋದೀತೆಂಬುದು ಮಾಲೀಕನ ಭಯ. ಬೆಳಗಾಗುವುದರೊಳಗೆ ಬೀದಿಗೆ ಬಿದ್ದೇನೆಂಬುದು ಬಾಡಿಗೆದಾರನ ಭಯ. ಎರಡಕ್ಕೂ ಶಾಸನದಲ್ಲಿ ಆಧಾರ ಬಹಳ ಕಡಿಮೆ. ಮಾಲೀಕನ ಭಯವಂತೂ ಹುಟ್ಟಿದ್ದು ಮನೆಯಲ್ಲಿ ಅಲ್ಲ, ಹೊಲದಲ್ಲಿ. ಅದು ಹೊಲದಿಂದ ಮನೆಯೊಳಕ್ಕೆ ಬಂದ ಬಗೆಯನ್ನು ಅರಿತುಕೊಳ್ಳದೆ ಬಾಡಿಗೆ ಪತ್ರದ ವಿಚಾರವನ್ನು ಚೆನ್ನಾಗಿ ತಿಳಿಯುವುದು ಕಷ್ಟ.

ಹೊಲದ ಕಾನೂನು, ಮನೆಯ ಕಾನೂನು

ಗೇಣಿ, ವಾರ, ಗುತ್ತಿಗೆ ಎಂಬ ಹೆಸರುಗಳಲ್ಲಿ ಒಬ್ಬನ ಭೂಮಿಯನ್ನು ಇನ್ನೊಬ್ಬನು ಉಳುವ ಪದ್ಧತಿ ನಮ್ಮ ನಾಡಿನಲ್ಲಿ ಶತಮಾನಗಳಿಂದ ನಡೆದು ಬಂದದ್ದು. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹವು ಆ ಪದ್ಧತಿಯೊಳಗಿನ ಅನ್ಯಾಯವನ್ನು ನಾಡಿನ ಕಣ್ಣೆದುರಿಗೆ ತಂದು ನಿಲ್ಲಿಸಿತು. 1961ರಲ್ಲಿ ಭೂಸುಧಾರಣಾ ಶಾಸನವಾಯಿತು. ಆದರೆ ಅದಕ್ಕೆ ನಿಜವಾದ ಬಲ ಬಂದದ್ದು ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದ. ಆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿದಾರರ ಸಾಗುವಳಿಯಲ್ಲಿದ್ದ ಕೃಷಿಭೂಮಿಯು 44ನೇ ಕಲಮಿನ ಮೇರೆಗೆ ಸರ್ಕಾರದಲ್ಲಿ ನಿಹಿತವಾಗಿ, ಉಳುತ್ತಿದ್ದವನು ಏಳನೇ ನಮೂನೆಯ ಅರ್ಜಿಯನ್ನು ಸಲ್ಲಿಸಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದಾರಿಕೆಯ ಹಕ್ಕನ್ನು ಪಡೆಯುವಂತಾಯಿತು. ಅದೇ ಕಾಯ್ದೆಯ 5ನೇ ಕಲಮು, ಸೈನಿಕರು, ನಾವಿಕರೇ ಮೊದಲಾದ ಕೆಲವು ವಿನಾಯಿತಿಗಳ ಹೊರತು, ಕೃಷಿಭೂಮಿಯನ್ನು ಇನ್ನು ಮುಂದೆ ಗೇಣಿಗೆ ಕೊಡಲೇಕೂಡದೆಂದು ವಿಧಿಸಿತು.

ಲಕ್ಷಾಂತರ ಉಳುವವರಿಗೆ ಬಾಳು ಕೊಟ್ಟ ಈ ಶಾಸನವು ಭೂಮಿ ಕಳೆದುಕೊಂಡ ಮನೆಗಳಲ್ಲಿ ಒಂದು ಗಾಢವಾದ ನೆನಪನ್ನೂ ಬಿಟ್ಟು ಹೋಯಿತು. ‘ಕೊಟ್ಟವನು ಕೆಟ್ಟ, ಇದ್ದವನು ಒಡೆಯನಾದ’ ಎಂಬ ಆ ನೆನಪು ಅಜ್ಜನಿಂದ ಮೊಮ್ಮಗನಿಗೆ ಬರುವಷ್ಟರಲ್ಲಿ ಹೊಲ, ಮನೆಗಳ ಭೇದವನ್ನು ಕಳೆದುಕೊಂಡು, ‘ಹನ್ನೆರಡು ವರ್ಷ ಇದ್ದರೆ ಮನೆ ಅವನದೇ’ ಎಂಬ ಮಾತಾಗಿ ಮಾರ್ಪಟ್ಟಿತು. ವಾಸ್ತವವಾಗಿ ಭೂಸುಧಾರಣಾ ಕಾಯ್ದೆಯಲ್ಲಿ ಭೂಮಿಯೆಂದರೆ ಕೃಷಿಭೂಮಿ. ಮನೆಯ ನಿವೇಶನವನ್ನೂ ಕೃಷಿಯೇತರ ಉಪಯೋಗಕ್ಕೆ ಮಾತ್ರವೇ ಮೀಸಲಾದ ನೆಲವನ್ನೂ ಆ ಪದದ ವ್ಯಾಖ್ಯೆಯೇ ಹೊರಗಿಟ್ಟಿದೆ. ಹನ್ನೆರಡು ವರ್ಷದ ಲೆಕ್ಕ ಬಂದದ್ದು ಬೇರೊಂದು ಕಡೆಯಿಂದ. 1963ರ ಕಾಲಪರಿಮಿತಿ ಅಧಿನಿಯಮದಲ್ಲಿ ಪ್ರತಿಕೂಲ ಸ್ವಾಧೀನದ ವಿಷಯಕ್ಕೆ ಆ ಅವಧಿ ಉಂಟು. ಆದರೆ ಪ್ರತಿಕೂಲವೆಂದರೆ ಒಡೆಯನ ಒಡೆತನವನ್ನು ಧಿಕ್ಕರಿಸಿ ಬಹಿರಂಗವಾಗಿ ನಡೆಸುವ ಸ್ವಾಧೀನ. ಬಾಡಿಗೆದಾರನಾದರೋ ಮಾಲೀಕನ ಅನುಮತಿಯಿಂದಲೇ ಒಳಗೆ ಬಂದವನು. ಬಾಡಿಗೆದಾರನಾಗಿರುವಷ್ಟು ಕಾಲವೂ ಅವನ ಸ್ವಾಧೀನ ಮಾಲೀಕನ ಒಡೆತನವನ್ನು ಒಪ್ಪಿಕೊಂಡದ್ದೇ ಆಗಿರುತ್ತದೆ. ಬಾಡಿಗೆಗೆ ಬಂದವನು, ತನ್ನನ್ನು ಒಳಗೆ ಬಿಟ್ಟವನಿಗೆ ಆರಂಭದಲ್ಲಿ ಒಡೆತನವೇ ಇರಲಿಲ್ಲವೆಂದು ಬಾಡಿಗೆ ನಡೆಯುತ್ತಿರುವಾಗ ವಾದಿಸಕೂಡದೆಂಬುದು 1872ರ ಸಾಕ್ಷ್ಯ ಅಧಿನಿಯಮದ ಹಳೆಯ ಸೂತ್ರ. ಅದರ ಸ್ಥಾನಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಸೂತ್ರವನ್ನು ಉಳಿಸಿಕೊಂಡಿದೆ. ಬಾಡಿಗೆದಾರನಿಂದ ಸ್ವಾಧೀನವನ್ನು ಹಿಂದಕ್ಕೆ ಪಡೆಯುವ ದಾವೆಗೂ ಹನ್ನೆರಡು ವರ್ಷದ ಅವಧಿಯೇ ಇದೆಯಾದರೂ, ಅದರ ಎಣಿಕೆ ಅವನು ಮನೆ ಹೊಕ್ಕ ದಿನದಿಂದಲ್ಲ, ಬಾಡಿಗೆ ಸಂಬಂಧ ಮುಗಿದ ದಿನದಿಂದ ಮೊದಲಾಗುತ್ತದೆ. ಆದಕಾರಣ, ವರ್ಷ ವರ್ಷವೂ ಬಾಡಿಗೆ ಕೊಡುತ್ತ ಇಪ್ಪತ್ತು ವರ್ಷ ಇದ್ದವನೂ ಅಷ್ಟರಿಂದಲೇ ಒಡೆಯನಾಗಲಾರ.

ಕೊಡುವುದೇನು, ಉಳಿಸಿಕೊಳ್ಳುವುದೇನು

ಮನೆ ಅಂಗಡಿಗಳ ಬಾಡಿಗೆಗೆ ತಳಹದಿಯಾದ ಶಾಸನ 1882ರ ಸ್ವತ್ತು ವರ್ಗಾವಣೆ ಅಧಿನಿಯಮ. ಸ್ಥಿರಸ್ವತ್ತನ್ನು ಗೊತ್ತಾದ ಕಾಲದವರೆಗೆ, ಅಥವಾ ಶಾಶ್ವತವಾಗಿ, ಅನುಭೋಗಿಸುವ ಹಕ್ಕನ್ನು ಪ್ರತಿಫಲಕ್ಕಾಗಿ ಇನ್ನೊಬ್ಬರಿಗೆ ವರ್ಗಾಯಿಸುವುದೇ ಲೀಸು ಅಥವಾ ಗುತ್ತಿಗೆಯೆಂದು ಅದರ 105ನೇ ಕಲಮು ಹೇಳುತ್ತದೆ. ಇಲ್ಲಿ ವರ್ಗವಾಗುವುದು ಅನುಭೋಗವೇ ವಿನಾ ಒಡೆತನವಲ್ಲ. ತೆಂಗಿನ ತೋಟದ ಕಾಯನ್ನು ವರ್ಷಕ್ಕೆಂದು ಗುತ್ತಿಗೆಗೆ ಕೊಟ್ಟವನು ಮರವನ್ನು ಕೊಟ್ಟಂತಾಗದೆಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ವಿಷಯವಾಗಿರಲು, ಮನೆಯ ವಿಷಯದಲ್ಲಿ ಅದೇ ವಿವೇಕವನ್ನು ಮರೆಯುವುದಕ್ಕೆ ಕಾರಣವಿಲ್ಲ. ಆದರೆ ಇದಕ್ಕೊಂದು ಮರುಮುಖವೂ ಉಂಟು: ಅನುಭೋಗವನ್ನು ಒಮ್ಮೆ ಕೊಟ್ಟ ಮೇಲೆ ಆ ಅವಧಿಯವರೆಗೆ ಅದು ಮಾಲೀಕನದಲ್ಲ. ತನ್ನದೇ ಮನೆಯೆಂದು ಹೊತ್ತಲ್ಲದ ಹೊತ್ತಿನಲ್ಲಿ ಕದ ನೂಕಿಕೊಂಡು ಹೋಗುವ ಸ್ವಾತಂತ್ರ್ಯ ಅವನಿಗಿಲ್ಲ.

ಕರಾರಿನಲ್ಲಿ ಬೇರೆ ರೀತಿ ಬರೆಯದಿರುವ ಪಕ್ಷದಲ್ಲಿ ಉಭಯರಿಗೂ ಅನ್ವಯಿಸುವ ಹಕ್ಕು ಬಾಧ್ಯತೆಗಳನ್ನು 108ನೇ ಕಲಮು ಒಂದೊಂದಾಗಿ ಹೇಳುತ್ತದೆ. ನೋಡಿದೊಡನೆ ತಿಳಿಯದಂಥ ಮುಖ್ಯ ದೋಷವು ಸ್ವತ್ತಿನಲ್ಲಿದ್ದರೆ ಮಾಲೀಕನು ಅದನ್ನು ಮೊದಲೇ ತಿಳಿಸತಕ್ಕದ್ದು. ಬಾಡಿಗೆಯನ್ನು ಸರಿಯಾಗಿ ಕೊಟ್ಟು ಕರಾರಿನಂತೆ ನಡೆದುಕೊಳ್ಳುವವನ ಅನುಭೋಗಕ್ಕೆ ಅಡ್ಡಿ ಬಾರದಂತೆ ನೋಡಿಕೊಳ್ಳುವುದೂ ಮಾಲೀಕನ ಬಾಧ್ಯತೆಯೇ. ತಾನು ಮಾಡಿಸಬೇಕಾಗಿದ್ದ ದುರಸ್ತಿಯನ್ನು ಸೂಚನೆ ಬಂದ ಮೇಲೂ ಯುಕ್ತವಾದ ಕಾಲದೊಳಗೆ ಅವನು ಮಾಡಿಸದೆಹೋದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಮಾಲೀಕನು ಕಟ್ಟಬೇಕಾದ ತೆರಿಗೆಯನ್ನು ತಾನು ಕಟ್ಟಬೇಕಾಗಿ ಬಂದಾಗಲೂ ಹೀಗೆಯೇ. ಇತ್ತ ಬಾಡಿಗೆದಾರನು ಸ್ವತ್ತನ್ನು ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತದ್ದನ್ನು ಬಳಸುವಂತೆ ಬಳಸತಕ್ಕದ್ದು. ವಾಸಕ್ಕೆಂದು ಪಡೆದದ್ದರಲ್ಲಿ ಕೊಬ್ಬರಿ ದಾಸ್ತಾನು ಮಾಡಕೂಡದು. ಒಪ್ಪಿಗೆಯಿಲ್ಲದೆ ಶಾಶ್ವತವಾದ ಕಟ್ಟಡವನ್ನೆಬ್ಬಿಸಕೂಡದು. ಬಿಡುವಾಗ, ಕಾಲಕ್ರಮದಲ್ಲಿ ಸಹಜವಾಗಿ ಆಗುವ ಸವಕಳಿಯನ್ನು ಬಿಟ್ಟು, ಪಡೆದ ಸ್ಥಿತಿಯಲ್ಲೇ ಹಿಂದಕ್ಕೆ ಒಪ್ಪಿಸತಕ್ಕದ್ದು. ಎಷ್ಟೋ ಮಾಲೀಕರಿಗೆ ತಿಳಿಯದ ಇನ್ನೊಂದು ಅಂಶವೆಂದರೆ, ಪತ್ರದಲ್ಲಿ ನಿಷೇಧವಿಲ್ಲದಿದ್ದರೆ ಈ ಅಧಿನಿಯಮದ ಪ್ರಕಾರ ಬಾಡಿಗೆದಾರನು ಒಳಬಾಡಿಗೆಗೂ ಕೊಡಬಲ್ಲನು. ಅದು ಬೇಡವೆನ್ನುವವರು ಆ ಮಾತನ್ನು ಬರೆಯಿಸಲೇಬೇಕು.

ಬಾಡಿಗೆದಾರನು ಇರುವಾಗಲೇ ಮಾಲೀಕನು ಮನೆಯನ್ನು ಮಾರಿದರೆ ಬಾಡಿಗೆ ತಾನಾಗಿ ರದ್ದಾಗುವುದಿಲ್ಲ. 109ನೇ ಕಲಮಿನ ಮೇರೆಗೆ ಕೊಂಡವನು ಹಳೆಯ ಮಾಲೀಕನ ಸ್ಥಾನದಲ್ಲಿ ಬಂದು ನಿಲ್ಲುತ್ತಾನೆ. ಮಾರಾಟವಾದದ್ದು ತಿಳಿಯದೆ ಬಾಡಿಗೆದಾರನು ಹಳಬನಿಗೇ ಬಾಡಿಗೆ ಕೊಟ್ಟಿದ್ದರೆ, ಅದನ್ನೇ ಮತ್ತೊಮ್ಮೆ ಹೊಸಬನಿಗೆ ಕೊಡಬೇಕಾದ ಹೊಣೆ ಅವನ ಮೇಲಿಲ್ಲ.

ಹನ್ನೊಂದು ತಿಂಗಳ ಉಳಿತಾಯ

ಹಳ್ಳಿ ಪಟ್ಟಣಗಳೆನ್ನದೆ ಬಾಡಿಗೆ ಪತ್ರವೆಂದರೆ ಹನ್ನೊಂದು ತಿಂಗಳ ಪತ್ರವೆಂಬ ನಂಬಿಕೆ ಬೇರೂರಿದೆ. ಇದರ ಕಾರಣ ಬಹಳ ಸರಳವಾದದ್ದು. ವರ್ಷದಿಂದ ವರ್ಷಕ್ಕೆ ನಡೆಯುವ, ಒಂದು ವರ್ಷವನ್ನು ಮೀರುವ ಅಥವಾ ವಾರ್ಷಿಕ ಬಾಡಿಗೆಯನ್ನು ಗೊತ್ತುಮಾಡುವ ಲೀಸು ನೋಂದಾಯಿತ ಪತ್ರದ ಮೂಲಕವೇ ಆಗತಕ್ಕದ್ದೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 107ನೇ ಕಲಮೂ 1908ರ ನೋಂದಣಿ ಅಧಿನಿಯಮದ 17ನೇ ಕಲಮೂ ವಿಧಿಸುತ್ತವೆ. ಉಪನೋಂದಣಿ ಕಚೇರಿಯ ಮೆಟ್ಟಿಲನ್ನು ತಪ್ಪಿಸಿಕೊಳ್ಳುವ ಸಲುವಾಗಿ ವರ್ಷಕ್ಕೆ ಒಂದು ತಿಂಗಳು ಕಡಿಮೆ ಮಾಡಿಕೊಂಡದ್ದೇ ಈ ಹನ್ನೊಂದು. ಒಂದು ಕೊಠಡಿಯ ವಿದ್ಯಾರ್ಥಿಗೆ, ಎರಡು ವರ್ಷದಲ್ಲಿ ವರ್ಗವಾಗಿ ಹೋಗುವ ನೌಕರನಿಗೆ ಇದು ಸಾಕು. ಆದರೆ ದೀರ್ಘಕಾಲದ ವ್ಯಾಪಾರಕ್ಕೆ ಇದನ್ನೇ ನೆಚ್ಚುವುದು ಮಿತವ್ಯಯವಲ್ಲ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹೆದ್ದಾರಿಯ ಮಗ್ಗುಲಿನ ಮಳಿಗೆಯನ್ನು ಒಬ್ಬ ವರ್ತಕನು ಐದು ವರ್ಷಕ್ಕೆಂದು ಹಿಡಿಯುತ್ತಾನೆ. ಬಾಂಡ್ ಪೇಪರಿನ ಮೇಲೆ ಕರಾರು ಬರೆದು, ಇಬ್ಬರು ಸಾಕ್ಷಿಗಳು ರುಜು ಮಾಡಿ, ನೋಟರಿಯ ಮುದ್ರೆಯೂ ಬಿದ್ದಿದೆ. ನೋಂದಣಿ ಮಾತ್ರ ಆಗಿಲ್ಲ. ವರ್ತಕನು ಸಾಲ ಮಾಡಿ ಬೀರು, ಷೆಲ್ಫು, ತಂಪುಪೆಟ್ಟಿಗೆಗಳನ್ನು ಕೂಡಿಸುತ್ತಾನೆ. ಎರಡು ವರ್ಷದಲ್ಲಿ ಗಿರಾಕಿ ಕುದುರುತ್ತದೆ. ಆಗ ಹೆಚ್ಚಿನ ಬಾಡಿಗೆ ಕೊಡುವ ಮತ್ತೊಬ್ಬನು ಬಂದು ಮಾಲೀಕನ ಮನಸ್ಸನ್ನು ಕದಲಿಸುತ್ತಾನೆ. ಐದು ವರ್ಷದ ಕರಾರು ತನ್ನ ಕೈಯಲ್ಲಿದೆಯೆಂದು ವರ್ತಕನು ಧೈರ್ಯವಾಗಿದ್ದರೆ ಅದು ಭ್ರಾಂತಿಯೇ ಸರಿ. ನೋಟರಿಯ ಮುದ್ರೆ ನೋಂದಣಿಗೆ ಸಮವಲ್ಲ. ನೋಂದಣಿಯಾಗದ ಅಂಥ ಪತ್ರವನ್ನು ಅದರ ಷರತ್ತುಗಳಿಗೆ ಸಾಕ್ಷ್ಯವಾಗಿ ಸ್ವೀಕರಿಸಲಾಗದೆಂದು ನೋಂದಣಿ ಅಧಿನಿಯಮದ 49ನೇ ಕಲಮು ಹೇಳುತ್ತದೆ. ಇಂಥದ್ದೇ ಒಂದು ಪ್ರಕರಣವನ್ನು, ಆಂಟನಿ ಮತ್ತು ಕೆ. ಸಿ. ಇಟ್ಟೂಪ್ ಅಂಡ್ ಸನ್ಸ್ ಎಂಬವರ ನಡುವಣ ವ್ಯಾಜ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ವಿಚಾರಿಸಿ, ನೋಂದಣಿಯಿಲ್ಲದ ಐದು ವರ್ಷದ ಪತ್ರದಿಂದ ಐದು ವರ್ಷದ ಲೀಸು ಹುಟ್ಟದಾದರೂ, ಸ್ವಾಧೀನ ಕೊಟ್ಟು ಬಾಡಿಗೆ ಪಡೆದದ್ದರಿಂದ ಒಂದು ವರ್ಷವನ್ನು ಮೀರದ ಬಾಡಿಗೆ ಸಂಬಂಧವಂತೂ ಏರ್ಪಟ್ಟಿದೆಯೆಂದು ತೀರ್ಮಾನಿಸಿತು. ವ್ಯವಹಾರದ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ವರ್ತಕನು ತಿಂಗಳಿಂದ ತಿಂಗಳಿಗೆ ಇರುವ ಬಾಡಿಗೆದಾರ. ಅವನ ಐದು ವರ್ಷ ಹದಿನೈದು ದಿನದ ನೋಟೀಸಿಗೆ ಇಳಿದಿದೆ. ಪೆಟ್ಟು ಒಂದೇ ಕಡೆಗೆ ಬೀಳುವುದೆಂದೂ ತಿಳಿಯಬಾರದು. ಐದು ವರ್ಷದ ಬಾಡಿಗೆಯನ್ನು ನಂಬಿ ಬ್ಯಾಂಕಿನ ಸಾಲದಿಂದ ಮೇಲಂತಸ್ತು ಕಟ್ಟಿದ ಮಾಲೀಕನನ್ನು ಬಿಟ್ಟು ವರ್ತಕನೂ ಅಷ್ಟೇ ಸುಲಭವಾಗಿ ಎದ್ದು ಹೋಗಬಹುದು.

ಕಾರ್ಖಾನೆಯ ಉದ್ದೇಶಕ್ಕೆ ಕೊಟ್ಟದ್ದಾದರೆ ವಿಚಾರ ಇನ್ನೂ ಸೂಕ್ಷ್ಮ. ಬೇರೆ ಕರಾರಿಲ್ಲದಾಗ ವಾಸದ ಮನೆ ಮತ್ತು ಅಂಗಡಿಗಳ ಬಾಡಿಗೆ ತಿಂಗಳಿಂದ ತಿಂಗಳಿಗೆಂದೂ, ವ್ಯವಸಾಯ ಅಥವಾ ಉತ್ಪಾದನೆಯ ಉದ್ದೇಶದ ಲೀಸು ವರ್ಷದಿಂದ ವರ್ಷಕ್ಕೆಂದೂ ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಮು ಭಾವಿಸುತ್ತದೆ. ಮೊದಲನೆಯದಕ್ಕೆ ಹದಿನೈದು ದಿನದ, ಎರಡನೆಯದಕ್ಕೆ ಆರು ತಿಂಗಳ ನೋಟೀಸು ಬೇಕು. ತೆಂಗಿನ ನಾರಿನ ಘಟಕಕ್ಕೋ ಎಣ್ಣೆಯ ಗಾಣಕ್ಕೋ ಷೆಡ್ಡು ಕೊಡುವವರು ಈ ಭೇದವನ್ನು ಲಕ್ಷ್ಯದಲ್ಲಿಟ್ಟು ಪತ್ರವನ್ನು ನೋಂದಾಯಿಸಿಕೊಳ್ಳುವುದೇ ಕ್ಷೇಮ.

ಛಾಪಾ ಶುಲ್ಕದ ವಿಷಯವಾಗಿಯೂ ಎರಡು ಮಾತು. ಕಾಗದದ ಮೇಲೆ ಮುದ್ರೆಯಿದ್ದರೆ ಸಾಲದು. ಅವಧಿ, ಬಾಡಿಗೆ, ಮುಂಗಡಗಳನ್ನು ನೋಡಿಕೊಂಡು 1957ರ ಕರ್ನಾಟಕ ಸ್ಟಾಂಪು ಅಧಿನಿಯಮದ ಮೇರೆಗೆ ತಕ್ಕಷ್ಟು ಶುಲ್ಕ ಸಂದಿರಬೇಕು. ಕಡಿಮೆಯಾಗಿದ್ದ ಪಕ್ಷದಲ್ಲಿ ಆ ಕೊರತೆಯನ್ನೂ ಅದರ ಹತ್ತರಷ್ಟು ದಂಡವನ್ನೂ ಕಟ್ಟುವ ತನಕ ನ್ಯಾಯಾಲಯವು ಪತ್ರವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳದು. ತೆಲಗಿಯ ನಕಲಿ ಛಾಪಾ ಕಾಗದದ ಹಗರಣದ ತರುವಾಯ ಹಳೆಯ ಮಾದರಿಯ ಕಾಗದ ಹೋಗಿ ಇ-ಸ್ಟಾಂಪು ಬಂದಿದೆ. ಇದರ ಮೇಲಿನ ಸಂಖ್ಯೆಯಿಂದ ನಿಜ ಸುಳ್ಳುಗಳನ್ನು ಪರೀಕ್ಷಿಸಬಹುದು. ಪತ್ರವು ರುಜುವಾದ ನಾಲ್ಕು ತಿಂಗಳೊಳಗೆ ಅದನ್ನು ಸ್ವತ್ತು ಇರುವ ವ್ಯಾಪ್ತಿಯ ಉಪನೋಂದಣಿ ಕಚೇರಿಗೆ ಹಾಜರುಪಡಿಸತಕ್ಕದ್ದು.

ಭೋಗ್ಯವೆಂಬ ಮತ್ತೊಂದು ದಾರಿ

ಹಳೆಯ ಮೈಸೂರಿನ ಜನ ಭೋಗ್ಯವೆಂದೂ ಬೆಂಗಳೂರಿನ ಜನ ಬರಿಯ ಲೀಸೆಂದೂ ಕರೆಯುವ ಪದ್ಧತಿಯೊಂದು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಇಡುಗಂಟನ್ನು ಮಾಲೀಕನಿಗೆ ಕೊಟ್ಟು, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ವಾಸವಾಗಿದ್ದು, ಬಿಡುವಾಗ ಹಣವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದು ಇದರ ಕ್ರಮ. ಮಗಳ ಮದುವೆಗೋ ಕೊಳವೆಬಾವಿಗೋ ಹಣ ಬೇಕಾದವನಿಗೆ ಬಡ್ಡಿಯಿಲ್ಲದ ಸಾಲ. ಇರುವುದಕ್ಕೆ ಮನೆ ಬೇಕಾದವನಿಗೆ ಬಾಡಿಗೆಯಿಲ್ಲದ ವಾಸ. ಹೆಸರು ಲೀಸಾದರೂ ಇದರ ಸ್ವರೂಪ ಸಾಮಾನ್ಯವಾಗಿ ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಕಲಮು ಹೇಳುವ ಭೋಗ್ಯದ ಅಡಮಾನಕ್ಕೆ ಹತ್ತಿರವಾದದ್ದು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣದ ಇಂಥ ಅಡಮಾನ ಕನಿಷ್ಠಪಕ್ಷ ಇಬ್ಬರು ಸಾಕ್ಷಿಗಳು ರುಜು ಹಾಕಿದ ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದು. ಹನ್ನೊಂದು ತಿಂಗಳೆಂದು ಬರೆದುಕೊಂಡರೂ ಈ ನಿಯಮದಿಂದ ಬಿಡುಗಡೆಯಿಲ್ಲ.

ಬಾಡಿಗೆಯಲ್ಲಿ ಕಳೆದುಕೊಳ್ಳುವುದು ಹೆಚ್ಚೆಂದರೆ ಮುಂಗಡ. ಭೋಗ್ಯದಲ್ಲಾದರೋ ಒಂದು ಸಂಸಾರದ ಜೀವಮಾನದ ಉಳಿತಾಯ. ಆದುದರಿಂದ ಹಣ ಕೊಡುವ ಮೊದಲು ಋಣಭಾರ ಪ್ರಮಾಣಪತ್ರವನ್ನು ತೆಗೆಸಿ, ಮನೆಯ ಮೇಲೆ ಬ್ಯಾಂಕಿನ ಅಡಮಾನವಿದೆಯೇ ಎಂಬುದನ್ನು ನೋಡಿಕೊಳ್ಳುವುದು ಅತ್ಯಗತ್ಯ. ಮೊದಲಿನ ಅಡಮಾನಕ್ಕೇ ಆದ್ಯತೆಯಿರುವುದರಿಂದ, ಮಾಲೀಕನು ಕಂತು ತಪ್ಪಿಸಿದ ದಿನ ಬ್ಯಾಂಕು ಮನೆಯನ್ನು ಹರಾಜಿಗೆ ತಂದರೆ ಭೋಗ್ಯದಾರನ ಪಾಡು ಶೋಚನೀಯವಾಗುತ್ತದೆ. ಒಂದೇ ಮನೆಯನ್ನು ಇಬ್ಬರಿಗೆ ಭೋಗ್ಯ ಹಾಕುವ ಮೋಸಕ್ಕೆ ಎಡೆಯಾಗುವುದೂ ನೋಂದಣಿಯಿಲ್ಲದ ಪತ್ರಗಳಿಂದಲೇ. ನೋಂದಣಿಯಾಗದದ್ದು ಋಣಭಾರ ಪತ್ರದಲ್ಲಿ ಕಾಣಿಸಿಕೊಳ್ಳಲಾರದು. ಮಾಲೀಕನಿಗೂ ಶಾಸನ ಅಭಯ ನೀಡಿದೆ: ಪಡೆದ ಹಣವನ್ನು ಹಿಂದಿರುಗಿಸಿ ಸ್ವತ್ತನ್ನು ಬಿಡಿಸಿಕೊಳ್ಳುವ ಅವನ ಹಕ್ಕನ್ನು, ‘ಇಂಥ ದಿನದೊಳಗೆ ಹಣ ಕೊಡದಿದ್ದರೆ ಮನೆ ನಿನ್ನದೇ’ ಎಂದು ಅಡಮಾನದ ಪತ್ರದಲ್ಲೇ ಬರೆಯಿಸಿಕೊಂಡು ಕಸಿದುಕೊಳ್ಳಲಾಗದು.

ಬಿಡಿಸುವ ಬಗೆ

ಮಾಲೀಕನ ಭಯ ಹೊಲದಿಂದ ಬಂದದ್ದಾದರೆ ಬಾಡಿಗೆದಾರನ ಭಯ ಬರುವುದು ಬೀಗದಿಂದ. ಮೂರು ತಿಂಗಳ ಬಾಕಿಯಾಯಿತೆಂದು ಬಾಗಿಲಿಗೆ ಮತ್ತೊಂದು ಬೀಗ ಜಡಿಯುವುದು, ವಿದ್ಯುತ್ ಸರಬರಾಜಿನ ಚೆಸ್ಕಾಂನವರಿಗೆ ಹೇಳಿ ದೀಪ ತೆಗೆಸುವುದು, ನಲ್ಲಿಯ ನೀರನ್ನು ಕಟ್ಟುವುದು ಇವನ್ನೆಲ್ಲ ತನ್ನ ಒಡೆತನದ ಸಹಜ ಅಧಿಕಾರಗಳೆಂದು ಮಾಲೀಕನು ಭಾವಿಸುವುದುಂಟು. ಹಾಗಲ್ಲ. ಅವಧಿ ಮುಗಿದವನನ್ನು ಕೂಡ ಹೊರಡಿಸುವುದು ನ್ಯಾಯಾಲಯದ ಮೂಲಕವೇ ಆಗಬೇಕು. ಕಾನೂನಿನ ಕ್ರಮವಿಲ್ಲದೆ ಬಲಾತ್ಕಾರದಿಂದ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನ ಮೇರೆಗೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು; ಒಡೆತನ ಯಾರದೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಬೀಗ ಜಡಿದ ಮಾಲೀಕನು ನ್ಯಾಯ ತನ್ನ ಕಡೆಗಿದ್ದರೂ ಸೋಲುವುದು ಹೀಗೆ.

ಕ್ರಮವಾದ ಮಾರ್ಗ ಅಷ್ಟೇನೂ ದುರ್ಗಮವಲ್ಲ. ನೋಟೀಸು ಲಿಖಿತವಾಗಿದ್ದು ಕೊಡುವವನ ರುಜು ಅದರಲ್ಲಿರಬೇಕು. ಅಂಚೆಯ ಮೂಲಕ ಕಳುಹಿಸಬಹುದು, ಕೈಗೆ ಕೊಡಬಹುದು, ಮನೆಯಲ್ಲಿರುವ ಕುಟುಂಬದವರಿಗೋ ಸೇವಕರಿಗೋ ಒಪ್ಪಿಸಬಹುದು, ಅದೊಂದೂ ಸಾಧ್ಯವಾಗದಿದ್ದರೆ ಸ್ವತ್ತಿನ ಎದ್ದುಕಾಣುವ ಭಾಗದಲ್ಲಿ ಅಂಟಿಸಬಹುದು. ಅವಧಿಯ ಎಣಿಕೆ ನೋಟೀಸು ಸೇರಿದ ದಿನದಿಂದ. ಹಿಂದೆ ದಿನದ ಲೆಕ್ಕದಲ್ಲಿ ಸ್ವಲ್ಪ ತಪ್ಪಿದರೂ ದಾವೆ ಬಿದ್ದುಹೋಗುತ್ತಿದ್ದ ಕಷ್ಟವನ್ನು ಸಂಸತ್ತು 2002ರ ತಿದ್ದುಪಡಿಯಿಂದ ಬಹುಮಟ್ಟಿಗೆ ನಿವಾರಿಸಿದೆ. ನೋಟೀಸು ಕೊಟ್ಟು ಆದಮೇಲೂ ಮಾಲೀಕನು ಎಂದಿನಂತೆ ಬಾಡಿಗೆ ಪಡೆಯುತ್ತ ಹೋದರೆ, ಹೊರಡಿಸುವ ಉದ್ದೇಶವನ್ನು ತಾನೇ ಬಿಟ್ಟುಕೊಟ್ಟನೆಂಬ ವಾದಕ್ಕೆ ಅವಕಾಶವಾಗುತ್ತದೆ. ಅವಧಿ ತೀರಿದ ಮೇಲೆ ಒಪ್ಪಿ ಬಾಡಿಗೆ ಪಡೆದರೆ ಸ್ವತ್ತು ವರ್ಗಾವಣೆ ಅಧಿನಿಯಮದ 116ನೇ ಕಲಮಿನ ಮೇರೆಗೆ ಬಾಡಿಗೆ ಸಂಬಂಧ ಮತ್ತೆ ಜೀವ ತಾಳುತ್ತದೆ. ಹನ್ನೊಂದು ತಿಂಗಳ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಹನ್ನೊಂದು ವರ್ಷ ಬಾಡಿಗೆ ಪಡೆದವರೆಲ್ಲರೂ ಈ ಕಲಮಿನ ನೆರಳಿನಲ್ಲಿ ಇರುವವರೇ. ಬಾಕಿ ನಿಂತದ್ದಕ್ಕಾಗಿ ಪತ್ರದ ಷರತ್ತಿನಂತೆ ಲೀಸನ್ನು ರದ್ದುಮಾಡಿ ದಾವೆ ಹೂಡಿದ್ದರೆ, ವಿಚಾರಣೆಯ ವೇಳೆ ಬಾಡಿಗೆದಾರನು ಬಾಕಿ, ಬಡ್ಡಿ, ದಾವೆಯ ಖರ್ಚುಗಳನ್ನು ಕಟ್ಟಿಬಿಟ್ಟಲ್ಲಿ ಆ ರದ್ದತಿಯಿಂದ ಅವನನ್ನು ಪಾರುಮಾಡುವ ವಿವೇಚನೆಯನ್ನು 114ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ಬಾಡಿಗೆಯ ಬಾಕಿಯನ್ನು ವಸೂಲು ಮಾಡುವ ದಾವೆಗೆ ಮೂರು ವರ್ಷದ ಗಡುವಿದೆಯೆಂಬುದನ್ನು ಮಾಲೀಕನು ಮರೆಯಬಾರದು.

ನಗರಗಳಲ್ಲಿ ಇದರ ಜೊತೆಗೆ ವಿಶೇಷ ಶಾಸನವೊಂದನ್ನು ಗಮನಿಸಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 2001ರ ಡಿಸೆಂಬರ್ 31ರಿಂದ ನಡೆಯುತ್ತಿದೆ. ಅದು ಅನ್ವಯಿಸುವುದು ತನ್ನ ಅನುಸೂಚಿಯಲ್ಲಿ ಹೆಸರಿಸಿದ ಪ್ರದೇಶಗಳಿಗೆ. ಅಲ್ಲಿಯೂ ಬಾಡಿಗೆಯು ಅನುಸೂಚಿಯ ಮೊದಲ ಭಾಗದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿಯನ್ನು, ಉಳಿದೆಡೆ 2,000 ರೂಪಾಯಿಯನ್ನು ಮೀರಿದರೆ ಆ ಕಟ್ಟಡ ಅದರ ಕೈಯಿಂದ ಹೊರಗೆ. ವಾಣಿಜ್ಯದ ಮಳಿಗೆಯಾದರೆ 14 ಚದರ ಮೀಟರನ್ನು ಮೀರದ ಸಣ್ಣ ಅಂಗಡಿಗಳಿಗೆ ಮಾತ್ರ ಅದರ ಆಶ್ರಯ. ಅನುಸೂಚಿಯಲ್ಲಿಲ್ಲದ ಊರುಗಳಿಗೂ ಮಿತಿಯನ್ನು ದಾಟಿದ ಕಟ್ಟಡಗಳಿಗೂ 1882ರ ಶಾಸನವೇ ಗತಿ. ಕೇಂದ್ರ ಸರ್ಕಾರವು 2021ರಲ್ಲಿ ಪ್ರಕಟಿಸಿದ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಕ್ಕೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಸೂಚಿಸುತ್ತದೆ. ಆದರೆ ಮಾದರಿಯೆಂಬ ಹೆಸರೇ ಹೇಳುವಂತೆ, ರಾಜ್ಯವು ತಾನಾಗಿ ಶಾಸನ ಮಾಡಿದಲ್ಲದೆ ಅದಕ್ಕೆ ಬಲವಿಲ್ಲ.

ಪತ್ರ ಬರೆಸುವವರಿಗೆ

ಹಿರೀಸಾವೆ ಇರುವ ಈ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವೂ ಇದೆ. ಅಲ್ಲಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ವಿಸ್ತರಿಸಿದ ಸಂಪುಟವನ್ನು ತಿರುವಿದರೆ, ಭೂಮಿಯ ವಿಷಯವಾಗಿ ನಮ್ಮ ಪೂರ್ವಿಕರು ಮಾತನ್ನಷ್ಟೇ ನೆಚ್ಚಿ ಕುಳಿತವರಲ್ಲವೆಂಬುದು ತಿಳಿಯುತ್ತದೆ: ಕೊಟ್ಟವನಾರು, ಪಡೆದವನಾರು, ಎಲ್ಲೆ ಯಾವುದು ಎಂಬುದನ್ನು ಕಲ್ಲಿನ ಮೇಲೆ ಬರೆಯಿಸಿದವರು ಅವರು. ಪತ್ರ ಬೇಡವೆನ್ನುವುದು ಹಿಂದಿನ ಸಂಪ್ರದಾಯವೆಂದು ಯಾರೂ ಹೇಳುವಂತಿಲ್ಲ.

ಮೊದಲು ಒಡೆತನ. ಗ್ರಾಮ ಪಂಚಾಯತಿಯ ಸ್ವತ್ತಾದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆಗಳನ್ನು ನೋಡಿ, ಖಾತೆ ಬದುಕಿರುವವರ ಹೆಸರಿನಲ್ಲಿದೆಯೇ ಎಂದು ಕೇಳಬೇಕು. ತೀರಿಹೋದ ತಂದೆಯ ಹೆಸರಿನಲ್ಲೇ ಖಾತೆಯಿದ್ದು ಅಣ್ಣತಮ್ಮಂದಿರಲ್ಲಿ ಪಾಲಾಗಿಲ್ಲದ ಮನೆಗಳು ನಮ್ಮಲ್ಲಿ ಅನೇಕ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲೆಂಬ ನಿಯಮವನ್ನು ಕರ್ನಾಟಕ 1994ರಲ್ಲಿಯೇ ತಂದು, 2005ರಲ್ಲಿ ಕೇಂದ್ರ ಶಾಸನವೂ ಅದನ್ನು ದೇಶಕ್ಕೆಲ್ಲ ವಿಸ್ತರಿಸಿರುವಾಗ, ದೀರ್ಘಾವಧಿಯ ಪತ್ರಕ್ಕೆ ಅಕ್ಕತಂಗಿಯರ ರುಜುವೂ ಬೇಕು. ಎರಡನೆಯದಾಗಿ, ಪತ್ರ ಬರಹಗಾರರು ಚೆಕ್ಕುಬಂದಿ ಎನ್ನುವ ನಾಲ್ಕು ಎಲ್ಲೆಗಳು; ಹಿತ್ತಲು, ಬಾವಿ, ವಾಹನ ನಿಲ್ಲಿಸುವ ಜಾಗ ಸೇರಿದೆಯೋ ಇಲ್ಲವೋ ಎಂಬುದು. ಅನಂತರ ಅವಧಿ, ಬಾಡಿಗೆಯ ಮೊತ್ತ, ಸಲ್ಲಿಸುವ ದಿನ, ಎಷ್ಟು ಕಾಲಕ್ಕೊಮ್ಮೆ ಎಷ್ಟು ಏರಿಕೆ. ಮುಂಗಡವೆಷ್ಟು, ಅದರಲ್ಲಿ ಯಾವ ಖರ್ಚನ್ನು ಮುರಿದುಕೊಳ್ಳಬಹುದು, ಬಿಟ್ಟ ಎಷ್ಟು ದಿನದೊಳಗೆ ಹಿಂದಿರುಗಿಸಬೇಕು. ಬಣ್ಣ, ಕೊಳಾಯಿ, ಮೋಟರುಗಳ ದುರಸ್ತಿ ಯಾರದು. ವಿದ್ಯುತ್ತು, ನೀರು, ಕಂದಾಯ ಯಾರದು. ಅವಧಿಗೆ ಮೊದಲೇ ಬಿಡಬೇಕಾದರೆ ಎಷ್ಟು ತಿಂಗಳ ಸೂಚನೆ. ಒಳಬಾಡಿಗೆ ಕೂಡುವುದೋ ಕೂಡದೋ. ಮನೆ ಒಪ್ಪಿಸಿಕೊಳ್ಳುವ ದಿನ ಫ್ಯಾನು, ಗೀಜರು, ಬೀಗದ ಕೈಗಳ ಪಟ್ಟಿಯನ್ನು ಮಾಡಿ, ಗೋಡೆ ನೆಲಗಳ ಛಾಯಾಚಿತ್ರ ತೆಗೆದಿಟ್ಟುಕೊಂಡರೆ, ಸಹಜ ಸವಕಳಿ ಯಾವುದು, ಹಾಳುಗೆಡವಿದ್ದು ಯಾವುದು ಎಂಬ ಜಗಳವೇ ಹುಟ್ಟದು. ಬಾಡಿಗೆಗೆ ರಸೀದಿ ಪಡೆಯುವುದು, ಸಾಧ್ಯವಾದರೆ ಬ್ಯಾಂಕಿನ ಮೂಲಕವೇ ಸಲ್ಲಿಸುವುದು ಉಭಯರಿಗೂ ಹಿತ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆಯ ಮನೆಯವರಿಗೂ ಸಲ್ಲುವುದರಿಂದ, ತಾನು ಅಲ್ಲಿ ವಾಸವಾಗಿರುವೆನೆಂದು ತೋರಿಸಬೇಕಾದ ಬಡ ಸಂಸಾರಕ್ಕೂ ಪತ್ರದ ಉಪಯೋಗ ಈಗ ತಿಳಿಯಬಂದಿದೆ.

ಪತ್ರದ ತಲೆಬರಹಕ್ಕೆ ಹೆಚ್ಚಿನ ಮಹತ್ವವಿಲ್ಲ. ಲೀಸೆಂಬ ಹೆಸರಿಗೆ ಅಂಜಿ, ಅದಕ್ಕೆ ಪರವಾನಗಿ ಕರಾರೆಂಬ ಹೆಸರಿಡುವವರಿದ್ದಾರೆ. ಆದರೆ ಉಭಯರ ಉದ್ದೇಶವೇನಾಗಿತ್ತು, ಒಬ್ಬನೇ ಅನುಭೋಗಿಸುವ ಪೂರ್ಣ ಸ್ವಾಧೀನ ದೊರೆಯಿತೇ ಎಂಬುದನ್ನು ನೋಡಬೇಕೇ ಹೊರತು ಹೆಸರನ್ನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿಯೇ ಹೇಳಿಬಿಟ್ಟಿದೆ.

ಇಷ್ಟಾದರೂ ವಿವಾದ ಬಂದೀತು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ವರಮಾನವನ್ನು ನೋಡದೆಯೂ, ಉಳಿದವರಿಗೆ ವರಮಾನದ ಮಿತಿಯೊಳಗೂ 1987ರ ಶಾಸನದ ಮೇರೆಗೆ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಕ್ಕೆ ಬರುವುದಲ್ಲದೆ, ಆ ತೀರ್ಪಿನ ಮೇಲೆ ಅಪೀಲೂ ಇಲ್ಲ. ಆದರೆ ರಾಜಿ ಮಾಡಿಸುವವರ ಮುಂದೆ ಇಬ್ಬರ ಬಾಯಿಮಾತು ಮಾತ್ರವಿದ್ದರೆ ಅವರಾದರೂ ಏನನ್ನು ಹಿಡಿದು ನ್ಯಾಯ ಹೇಳಿಯಾರು? ಪತ್ರ ಕೇಳುವುದನ್ನು ಅವಿಶ್ವಾಸದ ಗುರುತೆಂದು ನಾವು ತಿಳಿದಿರುವುದು ವಿಪರೀತವಾದದ್ದು. ಮುನಿಸು ಬಂದಮೇಲೆ ಯಾರೂ ನ್ಯಾಯವಾದ ಕರಾರನ್ನು ಬರೆಯಲಾರರು. ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗಿ ಆಗ ಕಾಣುತ್ತದೆ. ಏರಿಕೆ ಎಷ್ಟಿರಬೇಕು, ದುರಸ್ತಿ ಯಾರದಾಗಬೇಕು ಎಂಬುದನ್ನು ಎರಡು ಕಡೆಯಿಂದಲೂ ನೋಡಿ ಒಪ್ಪುವ ಸಮಚಿತ್ತ ಇರುವುದು ಬೀಗದ ಕೈ ಕೊಡುವ ಮೊದಲ ದಿನ. ವಿಶ್ವಾಸ ತುಂಬಿರುವ ಆ ದಿನವೇ ಪತ್ರ ಬರೆಯಿಸುವುದಕ್ಕೂ, ಅವಧಿ ದೀರ್ಘವಾದದ್ದಾದರೆ ಅದನ್ನು ನೋಂದಾಯಿಸುವುದಕ್ಕೂ ತಕ್ಕ ದಿನ.